ಕಾಂಕ್ರೀಟ್ ಮುಚ್ಚಿದ್ದನ್ನು ನೆನಪಿಡುವ ಎಐ

ಸ್ಲ್ಯಾಬ್ ಹಾಕುವ ದಿನ ಬೆಳಗ್ಗೆ ಎಂಜಿನಿಯರ್ ಕೊನೇ ಸಲ ಕಂಬಿ ನೋಡುತ್ತಾರೆ. ಅಂತರ ಡ್ರಾಯಿಂಗ್‌ನಲ್ಲಿ ಇದ್ದಷ್ಟೇ ಇದೆಯಾ, ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಜಾರಿಲ್ಲ ತಾನೆ, ಬೀಮ್ ಮತ್ತು ಕಾಲಂ ಸೇರುವ ಕಡೆ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ಬಿಟ್ಟುಹೋಗಿಲ್ಲ ತಾನೆ? ಅಷ್ಟರಲ್ಲಿ ಕಾಂಕ್ರೀಟ್ ಲಾರಿ ಬಂದು ನಿಂತಿರುತ್ತದೆ. ತಡ ಮಾಡಿದರೆ ಮಾಲು ಬಿಗಿಯಾಗುತ್ತದೆ. ಸಂಜೆ ಹೊತ್ತಿಗೆ ಕಂಬಿಯೆಲ್ಲ ಒಳಗೆ. ಆ ಕಟ್ಟಡ ಇರುವವರೆಗೂ ಅದನ್ನು ಮತ್ತೆ ಯಾರೂ ಕಣ್ಣಾರೆ ನೋಡುವುದಿಲ್ಲ.

ಕಟ್ಟುವ ಕೆಲಸವೆಂದರೆ ಒಂದರ ಮೇಲೊಂದು ಮುಚ್ಚುತ್ತಾ ಹೋಗುವುದು. ಪಾಯದ ಮೇಲೆ ಮಣ್ಣು, ಪೈಪಿನ ಮೇಲೆ ಗಾರೆ, ವೈರಿನ ಮೇಲೆ ಸೀಲಿಂಗ್. ನಿರ್ಮಾಣದಲ್ಲಿ ಎಐ ಅಂದಕೂಡಲೇ ತಾನೇ ಡಿಸೈನ್ ಮಾಡುವ ಸಾಫ್ಟ್‌ವೇರ್, ಇಟ್ಟಿಗೆ ಜೋಡಿಸುವ ರೋಬೋಟ್ ನೆನಪಾಗುತ್ತವೆ. ನನಗೆ ಅದಕ್ಕಿಂತ ಜಾಸ್ತಿ ಬೆಲೆಯುಳ್ಳದ್ದು ಅನಿಸುವುದು ಇನ್ನೊಂದು ಕೆಲಸ. ಮುಚ್ಚಿಹೋಗುವ ಮೊದಲು ನೋಡಿ, ಬರೆದಿಟ್ಟು, ವರ್ಷಗಳ ನಂತರ ಕೇಳಿದರೂ ತೆಗೆದುಕೊಡುವುದು.

ಈಗ ಅದು ನಡೆಯುತ್ತಿದೆ ಕೂಡ. ಸೂಪರ್‌ವೈಸರ್ ತಲೆಯ ಹೆಲ್ಮೆಟ್ ಮೇಲೆ 360 ಡಿಗ್ರಿ ಕ್ಯಾಮೆರಾ ಕೂರಿಸಿಕೊಂಡು ಸುಮ್ನೆ ಮಹಡಿ ಸುತ್ತಿ ಬಂದರೆ ಸಾಕು. ಯಾವ ಚಿತ್ರ ಯಾವ ಕೋಣೆಯದು ಎಂದು ಸಾಫ್ಟ್‌ವೇರ್ ಪತ್ತೆಮಾಡುತ್ತದೆ. ಕಟ್ಟಡದ ಮೂರು ಆಯಾಮದ ಮಾಡೆಲ್ ಜತೆ ಇಟ್ಟು ನೋಡುತ್ತದೆ. ಇಲ್ಲಿ ಪೈಪ್ ಇರಬೇಕಿತ್ತು, ಇಲ್ಲ. ಈ ಗೋಡೆ ಮುಗಿದಿದೆ, ಆ ಗೋಡೆ ಬಾಕಿ. ಗಾರೆ ಹಾಕುವ ಮುಂಚೆ ಇದು ಗೊತ್ತಾದರೆ ಅರ್ಧ ದಿನದ ಕೆಲಸ. ಆಮೇಲೆ ಗೊತ್ತಾದರೆ ಗೋಡೆ ಒಡೆಯಬೇಕು.

ಯಂತ್ರ ನೋಡುವುದನ್ನು ಕಲಿಯುವುದು ಹೇಗೆ? 2017ರಲ್ಲಿ ಬಂದ ಒಂದು ಸಂಶೋಧನೆ ಒಳ್ಳೆಯ ಉದಾಹರಣೆ. ಕಾಂಕ್ರೀಟ್ ಮೇಲಿನ ಬಿರುಕು ಹುಡುಕುವ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ ಅದು. ಅದಕ್ಕೆ 256×256 ಪಿಕ್ಸೆಲ್ ಗಾತ್ರದ ಸುಮಾರು 40,000 ಚಿತ್ರದ ತುಂಡುಗಳನ್ನು ತೋರಿಸಿದರು. ಇದರಲ್ಲಿ ಬಿರುಕಿದೆ, ಇದರಲ್ಲಿಲ್ಲ ಎಂದು ಮೊದಲೇ ಗುರುತು ಹಾಕಿದ್ದರು. ಬಿರುಕು ಅಂದರೆ ಏನು ಎಂದು ಯಾರೂ ವಿವರಿಸಲಿಲ್ಲ. ತಪ್ಪಿದಾಗೆಲ್ಲ ತನ್ನೊಳಗಿನ ಅಂಕಿಗಳನ್ನು ಚೂರುಚೂರೇ ತಿದ್ದಿಕೊಳ್ಳುತ್ತಾ ನೆಟ್‌ವರ್ಕ್ ಸುಮಾರು 98% ನಿಖರತೆ ಮುಟ್ಟಿತು. ದೊಡ್ಡ ಸಾಧನೆಯೇ. ಆದರೆ ಅದು ಕಲಿತದ್ದು ಬಿರುಕನ್ನು ಮಾತ್ರ. ಈ ಮಾತು ಎಷ್ಟು ಮುಖ್ಯ ಅನ್ನುವುದು ಒಂದು ಸೇತುವೆಯ ಕಥೆಯಿಂದ ಗೊತ್ತಾಗುತ್ತದೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪಿ ನದಿಗೆ ಅಡ್ಡವಾಗಿದ್ದ ಐ-35ಡಬ್ಲ್ಯೂ ಉಕ್ಕಿನ ಸೇತುವೆ 2007ರ ಆಗಸ್ಟ್ 1ರ ಸಂಜೆ ಕುಸಿದುಬಿತ್ತು. 13 ಜನ ಸತ್ತರು. ಉಕ್ಕಿನ ತೊಲೆಗಳು ಸೇರುವ ಜಾಗದಲ್ಲಿ ಅವನ್ನು ಹಿಡಿದಿಡಲು ಗಸೆಟ್ ಪ್ಲೇಟ್ ಹಾಕಿರುತ್ತಾರೆ. ಕೆಲವು ಕಡೆ ಆ ಪ್ಲೇಟಿನ ದಪ್ಪ ಬೇಕಾದ್ದಕ್ಕಿಂತ ಹೆಚ್ಚುಕಮ್ಮಿ ಅರ್ಧದಷ್ಟೇ ಇತ್ತು ಎಂದು ತನಿಖೆ ಹೇಳಿತು. ಸೇತುವೆ ಕಟ್ಟುವ ಮೊದಲೇ, 1960ರ ದಶಕದ ಡಿಸೈನ್‌ನಲ್ಲೇ ಆದ ತಪ್ಪು. ಕುಸಿದ ದಿನ ರಿಪೇರಿಗೆಂದು ತಂದಿದ್ದ ಜಲ್ಲಿ, ಮರಳು, ಯಂತ್ರಗಳ ಭಾರವೂ ಮೇಲಿತ್ತು. ನೋವಿನ ವಿಷಯ ಏನೆಂದರೆ, 2003ರಲ್ಲಿ ತೆಗೆದ ಫೋಟೊಗಳಲ್ಲೇ ಆ ಪ್ಲೇಟ್‌ಗಳು ಬಾಗಿರುವುದು ಕಾಣುತ್ತದೆ. ಸೇತುವೆಯ ತಪಾಸಣೆ ನಡೆಯುತ್ತಲೇ ಇತ್ತು. ಗಮನವೆಲ್ಲ ತುಕ್ಕು ಮತ್ತು ಬಿರುಕಿನ ಮೇಲಿತ್ತು.

ಅವತ್ತು ಎಐ ಇದ್ದಿದ್ದರೆ ಹಿಡಿಯುತ್ತಿತ್ತಾ? ಬಿರುಕು ಹುಡುಕಲು ಮಾತ್ರ ಕಲಿತ ಎಐ ಮಾಡೆಲ್ (ಮೇಲೆ ಹೇಳಿದಂಥ ನೆಟ್‌ವರ್ಕ್) ಆ ಫೋಟೊ ನೋಡಿ ಬಿರುಕಿಲ್ಲ ಎಂದು ಮುಂದೆ ಹೋಗಿರುತ್ತಿತ್ತು. ಪ್ಲೇಟ್ ಡ್ರಾಯಿಂಗ್‌ನಲ್ಲಿ ಇದ್ದಂತೆ ನೇರವಾಗಿದೆಯಾ ಎಂದು ಅಳೆಯುವ ಮಾಡೆಲ್ ಆಗಿದ್ದರೆ ನಿಲ್ಲುತ್ತಿತ್ತು. ಸಾವಿರಾರು ಫೋಟೊ ನೋಡಿದರೂ ಯಂತ್ರಕ್ಕೆ ಸುಸ್ತಾಗದು, ಅದು ನಿಜಕ್ಕೂ ದೊಡ್ಡ ಗುಣ. ಏನು ನೋಡಬೇಕು ಎಂದು ಹೇಳಿಕೊಡುವವರು ಮಾತ್ರ ಅನುಭವಸ್ಥರೇ ಆಗಬೇಕು.

ದಾಖಲೆ ಎಷ್ಟು ದೂರ ಬರುತ್ತದೆ ಎನ್ನುವುದಕ್ಕೆ ಕಾಂಕ್ರೀಟಿನದೇ ಒಂದು ಕಥೆ ಇದೆ, ಇದು ನನಗೆ ತುಂಬಾ ಇಷ್ಟ. ಸಿಮೆಂಟ್, ಹಾರುಬೂದಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಉಳಿಕೆ), ನೀರು, ರಾಸಾಯನಿಕ, ಜಲ್ಲಿ, ಮರಳು, ಹಾಕಿ ಎಷ್ಟು ದಿನವಾಯಿತು ಎಂಬುದು. ಈ 8 ಅಂಕಿ ಕೊಟ್ಟರೆ ಕಾಂಕ್ರೀಟ್ ಎಷ್ಟು ಗಟ್ಟಿಯಾಗುತ್ತದೆ ಎಂದು ನ್ಯೂರಲ್ ನೆಟ್‌ವರ್ಕ್ ಊಹಿಸಬಲ್ಲದು ಎಂದು ಐ-ಚೆಂಗ್ ಯೆ ಎಂಬ ಸಂಶೋಧಕರು 1998ರಲ್ಲೇ ತೋರಿಸಿದರು. ಅವರು ಕೂಡಿಹಾಕಿದ 1,030 ಕಾಂಕ್ರೀಟ್ ಪರೀಕ್ಷೆಗಳ ಪಟ್ಟಿ ಮುಂದೆ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. 2022ರಲ್ಲಿ ಮೆಟಾ ಕಂಪನಿ ಮತ್ತು ಇಲಿನಾಯ್ ವಿಶ್ವವಿದ್ಯಾಲಯದವರು ಅದೇ ಪಟ್ಟಿಯಿಂದ ಮಾಡೆಲ್ ತಯಾರಿಸಿ, ಕಡಿಮೆ ಇಂಗಾಲದ ಹೊಸ ಮಿಶ್ರಣಗಳನ್ನು ಹುಡುಕಿದರು. ಇಲಿನಾಯ್‌ನ ಡಿಕಾಲ್ಬ್‌ನಲ್ಲಿ ಕಟ್ಟುತ್ತಿದ್ದ ಡೇಟಾ ಸೆಂಟರಿನಲ್ಲಿ ಅದನ್ನು ಬಳಸಿಯೂ ನೋಡಿದರು. ಪ್ರಪಂಚದಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 8% ಸಿಮೆಂಟ್ ತಯಾರಿಕೆಯದು. ಅಂಥ ಕಡೆ ಇಪ್ಪತ್ತನಾಲ್ಕು ವರ್ಷ ಹಳೆಯ ಪಟ್ಟಿ ಕೆಲಸಕ್ಕೆ ಬಂತು ಅಂದರೆ ಸಣ್ಣ ಮಾತಲ್ಲ.

ಆದರೆ ಆ 8 ಅಂಕಿಗಳ ಆಚೆಗೂ ಸೈಟ್ ಇದೆ ಅಲ್ವಾ? ಲಾರಿ ತಡವಾಗಿ ಬರುತ್ತದೆ, ಮಾಲು ಬಿಗಿಯಾಗಿರುತ್ತದೆ, ಸುಲಭವಾಗಿ ಹರಡಲಿ ಎಂದು ಯಾರೋ ನಾಲ್ಕು ಬಕೆಟ್ ನೀರು ಸುರಿಯುತ್ತಾರೆ. ನೀರು ಜಾಸ್ತಿಯಾದಷ್ಟೂ ಕಾಂಕ್ರೀಟ್ ದುರ್ಬಲವಾಗುತ್ತದೆ ಎನ್ನುವುದು 1918ರಲ್ಲಿ ಅಮೆರಿಕದ ಸಂಶೋಧಕ ಡಫ್ ಅಬ್ರಾಮ್ಸ್ ತೋರಿಸಿಕೊಟ್ಟ ಹಳೆಯ ಸತ್ಯ. ಆ ನಾಲ್ಕು ಬಕೆಟ್ ಯಾವ ದಾಖಲೆಯಲ್ಲೂ ಇರುವುದಿಲ್ಲ. ಮಾಡೆಲ್ ಮಾತ್ರ ಅದಿಲ್ಲದ ಕಾಂಕ್ರೀಟಿನ ಬಲವನ್ನೇ ಹೇಳುತ್ತಿರುತ್ತದೆ.

ಸೈಟ್‌ನಲ್ಲಿ ಸುಳ್ಳು ದಾಖಲೆ ಹುಟ್ಟುವುದು ಬಹುಪಾಲು ಭಯದಿಂದ. ಹೆಲ್ಮೆಟ್ ಹಾಕದ ಕೆಲಸಗಾರರನ್ನು ಎಐ ಕ್ಯಾಮೆರಾ ಸುಲಭವಾಗಿ ಹಿಡಿಯುತ್ತದೆ. ಕೂಡಲೇ ಸಂಬಳದಲ್ಲಿ ದಂಡ ಕಡಿಯಲು ಶುರುಮಾಡಿದರೆ ಜನ ಕ್ಯಾಮೆರಾ ಇಲ್ಲದ ಮೂಲೆ ಹುಡುಕಿಕೊಳ್ಳುತ್ತಾರೆ. ಎತ್ತರದಿಂದ ಬೀಳುವುದು ಈ ಕೆಲಸದಲ್ಲಿ ಜೀವ ತೆಗೆಯುವ ದೊಡ್ಡ ಕಾರಣಗಳಲ್ಲಿ ಒಂದು. ಹಾಗಾಗಿ ಆ ಕ್ಯಾಮೆರಾ ಮೊದಲು ಹುಡುಕಬೇಕಾದ್ದು ಕಟಕಟೆ ಇಲ್ಲದ ಮಹಡಿ ಅಂಚನ್ನು, ಮುಚ್ಚದೆ ಬಿಟ್ಟ ಲಿಫ್ಟ್ ಗುಂಡಿಯನ್ನು. ಅದನ್ನು ಸರಿಪಡಿಸುವ ಜವಾಬ್ದಾರಿ ಕಂಪನಿಯದು, ಕೂಲಿಯವರದಲ್ಲ.

ಚಾಟ್‌ಬಾಟ್‌ಗಳ ಬಗ್ಗೆ ಒಂದೇ ಮಾತು. ನೂರಾರು ಪುಟದ ಟೆಂಡರ್ ಓದಿ ಸಾರ ಹೇಳಲು ಚೆನ್ನಾಗಿವೆ. ನಿಯಮಾವಳಿಯ ಕಲಂ ಸಂಖ್ಯೆ ಕೇಳಿದರೆ ಇಲ್ಲದ್ದನ್ನೂ ಧೈರ್ಯವಾಗಿ ಹೇಳಿಬಿಡಬಹುದು. ಮೂಲ ಪುಸ್ತಕ ತೆಗೆದು ನೋಡದೆ ಡ್ರಾಯಿಂಗ್‌ಗೆ ಸಹಿ ಹಾಕಬಾರದು.

ಎಐ ಶುರುಮಾಡಬೇಕು ಎನ್ನುವ ಕಂಪನಿಗಳಿಗೆ ನಾನು ಹೇಳುವುದು, ಒಂದೇ ಕೆಲಸ ಆರಿಸಿಕೊಳ್ಳಿ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಹಿಡಿದಿಡುವ ಅಚ್ಚು, ಆಸರೆ) ಯಾವಾಗ ಬಿಚ್ಚಬಹುದು ಎನ್ನುವುದನ್ನೇ ತೆಗೆದುಕೊಳ್ಳಿ. ಕಾಂಕ್ರೀಟ್ ಒಳಗೆ ತಾಪಮಾನದ ಸೆನ್ಸರ್ ಇಟ್ಟು ಮಾಡೆಲ್‌ನಿಂದ ಬಲ ಅಂದಾಜು ಮಾಡಿಸಿ. ಅದೇ ಮಾಲಿನಿಂದ ಪರೀಕ್ಷೆಗೆಂದು ಮಾಡಿಟ್ಟ ಕ್ಯೂಬ್‌ಗಳನ್ನು 7 ಮತ್ತು 28 ದಿನಕ್ಕೆ ಒಡೆಯುವ ಹಳೆಯ ಪರೀಕ್ಷೆ ನಿಲ್ಲಿಸಬೇಡಿ. ಎರಡೂ ಅಂಕಿಯನ್ನು ಅಕ್ಕಪಕ್ಕ ಬರೆಯುತ್ತಾ ಹೋಗಿ. ಫೇಲಾದ ಕ್ಯೂಬ್‌ಗಳನ್ನು ಪಟ್ಟಿಯಿಂದ ತೆಗೆಯಬೇಡಿ. ಪಾಸಾದ ಲೆಕ್ಕವನ್ನಷ್ಟೇ ನೋಡಿ ಕಲಿತ ಮಾಡೆಲ್‌ಗೆ ಕೆಟ್ಟ ಕಾಂಕ್ರೀಟ್ ಹೇಗಿರುತ್ತದೆ ಎಂದೇ ಗೊತ್ತಿರುವುದಿಲ್ಲ.