ಲಸಿಕೆ ಹಾಕಿಸಿದ ಮೇಲಿನ ಅರ್ಧ ಗಂಟೆ

ಮಗುವಿಗೆ ಲಸಿಕೆ ಹಾಕಿದ ಮೇಲೆ ಎಲ್ಲ ತಾಯಂದಿರಿಗೂ ನಾನು ಹೇಳುವ ಮಾತು ಒಂದೇ. "ಅರ್ಧ ಗಂಟೆ ಹೊರಗೆ ಕೂತಿದ್ದು ಆಮೇಲೆ ಹೊರಡಿ." ತೀವ್ರ ಅಲರ್ಜಿ ಆಗುವುದು ತುಂಬಾ ಅಪರೂಪ. ಆದರೂ ಆಗುವುದಿದ್ದರೆ ಸಾಮಾನ್ಯವಾಗಿ ಆ ಅರ್ಧ ಗಂಟೆಯೊಳಗೇ ಗೊತ್ತಾಗುತ್ತದೆ. ಅದಕ್ಕೇ ಕೂರಿಸುವುದು. ಮಕ್ಕಳ ಡಾಕ್ಟರಾಗಿ ಇಷ್ಟು ವರ್ಷ ಈ ಮಾತು ಹೇಳಿದ ಮೇಲೆ ನನಗೆ ಅನ್ನಿಸಿದ್ದು, ಆ ಅರ್ಧ ಗಂಟೆಯಲ್ಲಿ ತಾಯಿಗೂ ಒಂದು ಔಷಧಿ ಸಿಗಬಹುದು ಅಂತ, ಒಬ್ಬ ಗೆಳತಿ.

ಹೋದ ವರ್ಷ ಒಬ್ಬ ತಾಯಿ ಒಂದೇ ತಿಂಗಳಲ್ಲಿ ಮೂರು ಸಲ ಬಂದರು. ಒಂದು ಸಲ ಮಗುವಿನ ಮಲ ಹಸಿರಾಗಿದೆ ಅಂತ, ಒಂದು ಸಲ ಸೀನುತ್ತಿದೆ ಅಂತ, ಇನ್ನೊಂದು ಸಲ ಬಿಕ್ಕಳಿಕೆ ಅಂತ. ಐದು ತಿಂಗಳ ಮಗು ಗುಂಡುಗುಂಡಾಗಿ ಚೆನ್ನಾಗಿತ್ತು. ಮೂರನೇ ಸಲ ನಾನು ಮಗುವನ್ನು ಬಿಟ್ಟು "ನೀವು ಹೇಗಿದ್ದೀರಮ್ಮ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಬೆಳಗ್ಗೆಯಿಂದ ಮಗು ಹತ್ರ ಬಿಟ್ಟು ಬೇರೆ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಡಾಕ್ಟ್ರೇ" ಅಂದರು.

ಈ ಐದನೇ ತಿಂಗಳನ್ನು ಗಮನಿಸಿ. ತವರಲ್ಲಿ ಬಾಣಂತನ ನಡೆಯುವಾಗ ಮನೆ ತುಂಬ ಜನ. ಅಮ್ಮ, ಅಜ್ಜಿ, ಮಗುವಿಗೆ ನೀರು ಹಾಕಲು ಬರುವವರು, ತೊಟ್ಟಿಲು ಶಾಸ್ತ್ರಕ್ಕೆ ಬಂದ ನೆಂಟರು. ಜನ ಜಾಸ್ತಿಯಾಗಿ ಸಾಕಪ್ಪಾ ಅನ್ನಿಸುವಷ್ಟು. ಮೂರು ತಿಂಗಳಿಗೋ ಐದು ತಿಂಗಳಿಗೋ ಗಂಡನ ಊರಿಗೆ ಬಂದು ಬಾಗಿಲು ಹಾಕಿಕೊಂಡರೆ, ಗಂಡ ಆಫೀಸಿಂದ ಬರುವವರೆಗೆ ಫ್ಲಾಟಿನಲ್ಲಿ ಇಬ್ಬರೇ. ಹಳೇ ಗೆಳತಿಯರು ಕೆಲಸದಲ್ಲಿರುತ್ತಾರೆ. ಫೋನ್ ಮಾಡಿದರೂ ಮಾತು ಮಧ್ಯದಲ್ಲೇ ನಿಲ್ಲುತ್ತದೆ, ಮಗು ಅಳುತ್ತದೆ. ಕೆಲಸದಲ್ಲಿರುವ ತಾಯಿಗೆ ಇನ್ನೂ ಕಷ್ಟ. ಹೆರಿಗೆ ರಜೆ ಕಾನೂನಿಗೆ 2017ರಲ್ಲಾದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಇದೆ, ನಿಜ. ತವರಿನಿಂದ ಬರುವಷ್ಟರಲ್ಲಿ ಅದರ ಹೆಚ್ಚಿನ ಭಾಗ ಮುಗಿದಿರುತ್ತದೆ. ಅಕ್ಕಪಕ್ಕದವರ ಹೆಸರು ಗೊತ್ತಾಗುವ ಮೊದಲೇ ಆಫೀಸ್ ಶುರು.

ಮತ್ತೆ ಗೆಳತಿ ಎಲ್ಲಿ ಸಿಗುತ್ತಾಳೆ? ನನ್ನ ಪ್ರಕಾರ ಆಸ್ಪತ್ರೆಯ ಬೆಂಚಿನ ಮೇಲೆ. ನಮ್ಮಲ್ಲಿ ಗುರುವಾರ ಲಸಿಕೆ. ಹತ್ತು ಗಂಟೆಗೆಲ್ಲ ಬೆಂಚು ತುಂಬಿರುತ್ತದೆ. ಹೊಸ ಬಾಣಂತಿಯರನ್ನು ದೂರದಿಂದಲೇ ಗುರುತಿಸಬಹುದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಕಾಲಿಗೆ ಸಾಕ್ಸ್, ಹತ್ತಿರ ಹೋದರೆ ಸಾಂಬ್ರಾಣಿ ವಾಸನೆ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಹುಟ್ಟಿದಾಗಿನ ಲಸಿಕೆಗಳಾದ ಮೇಲೆ 6, 10 ಮತ್ತು 14ನೇ ವಾರಕ್ಕೆ ಬರಬೇಕು. ಅಂದರೆ ಒಂದೇ ವಾರದಲ್ಲಿ ಹೆತ್ತವರು ಎರಡು ತಿಂಗಳಲ್ಲಿ ಮೂರು ಸಲ ಅದೇ ಬೆಂಚಿನಲ್ಲಿ ಸಿಗುತ್ತಾರೆ. ಯಾರನ್ನೂ ಮನೆಗೆ ಕರೆಯಬೇಕಿಲ್ಲ, ಮನೆ ಗುಡಿಸಿಟ್ಟು ಕಾಯಬೇಕಿಲ್ಲ. ಮುಖ ಪರಿಚಯ ತಾನಾಗೇ ಆಗುತ್ತದೆ.

ಆದರೆ ಮಾತು ಶುರುವಾಗುವ ರೀತಿ ಇದೆಯಲ್ಲ, ಅಲ್ಲೇ ಎಡವುತ್ತೇವೆ. "ನಿಮ್ಮ ಮಗು ತೂಕ ಎಷ್ಟು? ಬೋರಲು ಬೀಳುತ್ತಾ?" ಎರಡನೇ ಪ್ರಶ್ನೆಗೇ ಒಬ್ಬರ ಮುಖ ಸಣ್ಣದಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ. ತಾವಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳ ನಡುವೆ. ಇಷ್ಟು ಅಗಲದ ದಾರಿಯಲ್ಲಿ ಒಂದು ಮಗು ಸ್ವಲ್ಪ ಮುಂದಿದ್ದರೆ ಇನ್ನೊಂದು ಹಿಂದೆ ಬಿತ್ತು ಅಂತಲ್ಲ. ಅದನ್ನು ನೋಡಿ ಹೇಳುವ ಕೆಲಸ ನನಗೆ ಬಿಡಿ. ನೀವು ತಾಯಿಯ ಹೆಸರು ಕೇಳಿ. ನಿಜವಾಗಿ ಹೇಳುತ್ತೇನೆ, ಹೆರಿಗೆಯಾದ ಮೇಲೆ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ನಾವು ಡಾಕ್ಟರುಗಳೂ ಫೈಲಿನಲ್ಲಿ "ಬೇಬಿ ಆಫ್" ಅಂತ ಬರೆದು ಮುಂದೆ ಹೋಗುತ್ತೇವೆ.

ಸಣ್ಣ ಸಹಾಯ ಕೇಳುವುದು ಇನ್ನೂ ಒಳ್ಳೆಯದು. ಒಮ್ಮೆ ಬೆಂಚಿನಲ್ಲಿದ್ದ ತಾಯಿಯೊಬ್ಬರು ಪಕ್ಕದವರಿಗೆ "ಐದು ನಿಮಿಷ ಹಿಡ್ಕೋತೀರಾ, ಬಾತ್‌ರೂಮಿಗೆ ಹೋಗಬೇಕು" ಅಂದರು. ಕೇಳುವಾಗ ಅವರ ಕಣ್ಣು ನೆಲದ ಮೇಲಿತ್ತು. ಪಕ್ಕದವರು ತಮ್ಮ ಮಗುವನ್ನು ಎಡಗೈಗೆ ಸರಿಸಿ ಇದನ್ನು ಬಲಗೈಗೆ ತೆಗೆದುಕೊಂಡರು. ಎರಡು ಮಕ್ಕಳೂ ಒಟ್ಟಿಗೆ ಅಳಲು ಶುರು ಮಾಡಿದವು. ಅವರು ಬಂದಾಗ ಇವರು ನಗುತ್ತಿದ್ದರು. 9 ತಿಂಗಳ ದಡಾರದ ಲಸಿಕೆಗೆ ಆ ಇಬ್ಬರೂ ಒಂದೇ ಆಟೋದಲ್ಲಿ ಬಂದರು.

ತವರಿನಲ್ಲಿ ಲಸಿಕೆ ಶುರು ಮಾಡಿ ಮಧ್ಯದಲ್ಲಿ ಊರು ಬದಲಿಸಿದವರಿಗೆ ಈ ಬೆಂಚು ತಪ್ಪುತ್ತದೆ. ಅವರು ಪಾರ್ಕನ್ನೋ ದೇವಸ್ಥಾನದ ಕಟ್ಟೆಯನ್ನೋ ಹಿಡಿಯಲಿ, ಆದರೆ ದಿನಾ ಒಂದೇ ಹೊತ್ತಿಗೆ ಹೋಗಲಿ. ಹಳ್ಳಿಯಲ್ಲಾದರೆ ಅಂಗನವಾಡಿ ಇದೆ. 2017ರಲ್ಲಿ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕು ಅನ್ನುವುದು ಅದರ ಕ್ರಮ. ಅದನ್ನು ಪೌಷ್ಟಿಕ ಆಹಾರದ ಲೆಕ್ಕದಲ್ಲಿ ಮಾತ್ರ ನೋಡುತ್ತಾರೆ. ನನಗಂತೂ ಸಾಲಾಗಿ ಕೂತು ಊಟ ಮಾಡುವಾಗಿನ ಮಾತೂ ಮುಖ್ಯ. "ಬಾಣಂತಿ ಹೊಸಿಲು ದಾಟಬಾರದು" ಅಂತ ಊಟವನ್ನು ಮನೆಗೇ ತರಿಸಿಕೊಂಡರೆ ಆ ಮಾತು ಸಿಗುವುದಿಲ್ಲ.

ಗೆಳತಿಯಿಂದ ಆಗದ ಕೆಲಸವೂ ಒಂದಿದೆ. ಎರಡು ವಾರ ಕಳೆದರೂ ನಿಮ್ಮ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೇ ಮನಸ್ಸಾಗದಿದ್ದರೆ ಡಾಕ್ಟರಿಗೆ ಹೇಳಿ. ಸಾಯಬೇಕು ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಅನ್ನಿಸಿದರೆ ಒಬ್ಬರೇ ಇರಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ಮಗುವನ್ನು ಬಿಟ್ಟಿರಬೇಕಾಗುತ್ತದೆ ಅಂತ ಹೆದರಿ ಸುಮ್ಮನಿರಬೇಡಿ.

ಇನ್ನು ಕರೆದುಕೊಂಡು ಬರುವ ಗಂಡಂದಿರಿಗೆ, ಅತ್ತೆಯಂದಿರಿಗೆ ಒಂದು ಮಾತು. ಲಸಿಕೆ ಆಯ್ತಲ್ಲ, ನಡಿ ಅಂತ ಅವಸರ ಮಾಡಬೇಡಿ. ಗೇಟಿನ ಹತ್ತಿರ ನಿಂತು ಹಾರ್ನ್ ಹೊಡೆಯಬೇಡಿ. ಅರ್ಧ ಗಂಟೆ ಪೂರ್ತಿ ಕೂರಲಿ. ಅರ್ಧ ಗಂಟೆ ಆದಮೇಲೂ ಅವರ ಮಾತು ಮುಗಿದಿಲ್ಲ ಅಂದರೆ, ಇನ್ನು ಹತ್ತು ನಿಮಿಷ ಗಾಡಿಯಲ್ಲೇ ಇರಿ.