ಹಂಚಬೇಕಾದವರೇ ಹಂಚದೆ ಹೋದರೆ ಆಸ್ತಿ ಯಾರಿಗೆ?

ಆಸ್ತಿ ಕೊನೆಗೆ ಯಾರಿಗೆ ಸೇರಬೇಕು ಅಂತ ಕೆಲವರು ಉಯಿಲಿನಲ್ಲಿ ತಾವೇ ಬರೆಯುವುದಿಲ್ಲ. 'ನನ್ನ ಹೆಂಡತಿ ಬದುಕಿರುವವರೆಗೆ ಅನುಭವಿಸಲಿ, ಆಮೇಲೆ ಮಕ್ಕಳಲ್ಲಿ ಯಾರಿಗೆ ಎಷ್ಟು ಅನ್ನುವುದನ್ನು ಅವಳೇ ತೀರ್ಮಾನಿಸಲಿ' ಅಂತ ಬಿಟ್ಟಿರುತ್ತಾರೆ. ಇಂಗ್ಲೆಂಡಿನ ಕಾನೂನಿನಲ್ಲಿ ಈ ಅಧಿಕಾರಕ್ಕೆ ಪವರ್ ಆಫ್ ಅಪಾಯಿಂಟ್‌ಮೆಂಟ್ ಅನ್ನುತ್ತಾರೆ. ಒಳ್ಳೆಯ ಏರ್ಪಾಡೇ. ಮುಂದೆ ಯಾವ ಮಗುವಿಗೆ ಕಷ್ಟ ಬರುತ್ತದೋ ಬರೆಯುವವರಿಗೆ ಇವತ್ತು ಗೊತ್ತಿರುವುದಿಲ್ಲ, ಅಲ್ವಾ?

ಆದರೆ ಅಧಿಕಾರ ಸಿಕ್ಕವರು ಏನೂ ಬರೆಯದೆ ತೀರಿಕೊಂಡರೆ? ಮಕ್ಕಳಿಗೆ ಮಾತ್ರ ಕೊಡಬೇಕಾದ್ದನ್ನು ಹೊರಗಿನವರಿಗೆ ಬರೆದುಬಿಟ್ಟರೆ? 'ನಿನಗೇ ಬರೀತೀನಿ, ಅರ್ಧ ನನಗೆ ವಾಪಸ್ ಕೊಡು' ಅಂತ ಒಳಗೊಳಗೇ ಮಾತಾಡಿಕೊಂಡಿದ್ದರೆ? ಇಂಥ ಹಂಚಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆಗ ಮೊದಲು ನೋಡುವುದು ಮೂಲ ಉಯಿಲನ್ನು. 'ಹಂಚದೆ ಹೋದರೆ ಇಂಥವರಿಗೆ ಸೇರಲಿ' ಅನ್ನುವ ಒಂದು ಸಾಲಿದ್ದರೆ ಆಸ್ತಿ ನೇರವಾಗಿ ಅವರಿಗೆ.

ಆ ಸಾಲು ಇಲ್ಲದಾಗಲೇ ಪೇಚಾಟ. 1840ರ ಬರೋ ವಿರುದ್ಧ ಫಿಲ್ಕಾಕ್ಸ್ ಕೇಸು ನೋಡಿ. ತನ್ನ ಇಬ್ಬರು ಮಕ್ಕಳಿಗೂ ಸಂತಾನವಿಲ್ಲದಿದ್ದರೆ, ಕೊನೆಗೆ ಉಳಿದವರು ಆಸ್ತಿಯನ್ನು ತನ್ನ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳಲ್ಲಿ, ಇಲ್ಲವೇ ಅವರ ಮಕ್ಕಳಲ್ಲಿ ತಮಗೆ ಸರಿಕಂಡವರಿಗೆ ಉಯಿಲಿನ ಮೂಲಕ ಕೊಡಬಹುದು ಅಂತ ತಂದೆ ಬರೆದಿದ್ದ. ಆ ಆಯ್ಕೆ ನಡೆಯಲೇ ಇಲ್ಲ. ಆ ಗುಂಪಿಗೆ ಆಸ್ತಿ ಸೇರಬೇಕು ಅನ್ನುವುದು ತಂದೆಯದೇ ಆಸೆ, ಯಾರಿಗೆ ಎಷ್ಟು ಅನ್ನುವುದಷ್ಟೇ ಮಕ್ಕಳ ಕೈಲಿತ್ತು ಅಂದಿತು ಕೋರ್ಟು. ಎಲ್ಲರಿಗೂ ಸಮಪಾಲು ಸಿಕ್ಕಿತು.

1897ರ ವೀಕ್ಸ್ ಕೇಸಿನಲ್ಲಿ ಇದು ತಿರುವುಮುರುವಾಯಿತು. ಹೆಂಡತಿಯೊಬ್ಬಳು ಗಂಡನಿಗೆ ಜೀವನಪರ್ಯಂತ ಆಸ್ತಿ ಬಿಟ್ಟು, ಅದನ್ನು 'ನಮ್ಮ ಮಕ್ಕಳಲ್ಲಿ' ಉಯಿಲಿನ ಮೂಲಕ ಹಂಚುವ ಅಧಿಕಾರ ಕೊಟ್ಟಿದ್ದಳು. ಆತ ಉಯಿಲು ಬರೆಯದೇ ತೀರಿಕೊಂಡ. ಮಕ್ಕಳು ಸಮಪಾಲು ಕೇಳಿದರು, ಸಿಗಲಿಲ್ಲ. ಆಕೆ ಕೊಟ್ಟದ್ದು ಗಂಡನಿಗೆ ಬರೀ ಅಧಿಕಾರ, ಮಕ್ಕಳಿಗೆ ಆಸ್ತಿಯಲ್ಲ ಅನ್ನುವುದು ತೀರ್ಪು. ಇಂಥ ಸಂದರ್ಭದಲ್ಲಿ ಆಸ್ತಿ ಮೊದಲು ಕೊಟ್ಟವರ ಲೆಕ್ಕಕ್ಕೇ ವಾಪಸ್ ಹೋಗುತ್ತದೆ. ಅವರ ಉಯಿಲಿನಲ್ಲಿ 'ಮಿಕ್ಕಿದ್ದೆಲ್ಲ ಇಂಥವರಿಗೆ' ಅಂತಿದ್ದರೆ ಅವರಿಗೆ, ಅದೂ ಇಲ್ಲದಿದ್ದರೆ ಕಾನೂನಿನ ಪ್ರಕಾರ ವಾರಸುದಾರರಿಗೆ. ನನಗಂತೂ ಈ ತೀರ್ಪು ಕಠಿಣ ಅನಿಸುತ್ತದೆ. ಹಂಚಿಕೆಗೆ ಆಕೆ ಹೆಸರಿಸಿದ್ದು ಮಕ್ಕಳನ್ನು ಮಾತ್ರ.

ಇನ್ನು 'ಯಾರಿಗೆ ಬೇಕಾದರೂ ಕೊಡು, ನೀನೇ ಇಟ್ಟುಕೊಂಡರೂ ಸರಿ' ಅನ್ನುವಷ್ಟು ಪೂರ್ತಿ ಅಧಿಕಾರವಿದ್ದಾಗ ಇನ್ನೊಂದು ದಾರಿ ಇದೆ. ಅಧಿಕಾರ ಸಿಕ್ಕವರು ಆ ಆಸ್ತಿಯನ್ನು ಸಂಪೂರ್ಣ ತಮ್ಮದೇ ಅಂತ ಮಾಡಿಕೊಂಡದ್ದು ಅವರ ಉಯಿಲಿನಿಂದ ಗೊತ್ತಾದರೆ, ಹಂಚಿಕೆ ಬಿದ್ದುಹೋದರೂ ಆಸ್ತಿ ಮೊದಲಿನವರಿಗೆ ಮರಳುವುದಿಲ್ಲ. ಹಂಚಲು ಹೊರಟವರ ಸ್ವಂತ ಆಸ್ತಿಯ ಜೊತೆಗೇ ಸೇರುತ್ತದೆ.