ಚೆಂಡೆ ಕೇಳಿಸಿದರೆ ಬೆಚ್ಚುವುದು ನಿಲ್ಲುವುದಿಲ್ಲ

ಸಣ್ಣ ಶಬ್ದಕ್ಕೂ ಮೈಯೆಲ್ಲ ಸೆಟೆದುಕೊಳ್ಳುವ ಮಗುವನ್ನು ಶಬ್ದದ ನಡುವೆಯೇ ಬೆಳೆಸಿದರೆ ಕ್ರಮೇಣ ರೂಢಿಯಾಗಿ ಸರಿಹೋಗುತ್ತದೆ ಎಂಬ ಸಲಹೆಯನ್ನು ಮೊದಲು ಯಾರು ಕೊಟ್ಟರೋ ತಿಳಿಯದು. ಆದರೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದಲೋ ಮುಳ್ಳೇರಿಯದಿಂದಲೋ ಇಂಥ ಮಗುವನ್ನು ಎತ್ತಿಕೊಂಡು ಚಿಕಿತ್ಸೆಗೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯಾದರೂ ಪ್ರಯೋಗಿಸಿಯೇ ಬಂದಿರುತ್ತಾರೆ. ಕೆಲವರು ತೊಟ್ಟಿಲ ಪಕ್ಕದಲ್ಲಿ ಬಟ್ಟಲು ಬಡಿದಿರುತ್ತಾರೆ, ಕೆಲವರು ಜಾತ್ರೆಯಲ್ಲಿ ಗರ್ನಾಲು ಸಿಡಿಯುವ ಹೊತ್ತಿಗೆ ಸರಿಯಾಗಿ ಮಗುವನ್ನು ಹೊತ್ತು ಗದ್ದೆಯಂಚಿನಲ್ಲಿ ನಿಂತಿರುತ್ತಾರೆ. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ನನ್ನ ತಾಳ್ಮೆಯನ್ನು ಇಷ್ಟರ ಮಟ್ಟಿಗೆ ಕೆಡಿಸುವ ಸಲಹೆ ಬೇರೊಂದಿಲ್ಲ. ಹೈಪರ್‌ಎಕ್‌ಪ್ಲೆಕ್ಸಿಯಾ ಎಂಬ ಈ ಆನುವಂಶಿಕ ಕಾಯಿಲೆಯ ಮುಖ್ಯ ಲಕ್ಷಣವೇ ರೂಢಿಯಾಗದೆ ಉಳಿಯುವುದು.

ಇದು ಅಪರೂಪದ ಕಾಯಿಲೆ. ಎಳೆಗೂಸುಗಳು ಶಬ್ದಕ್ಕೆ ಕೈ ಚಾಚಿ ಬೆಚ್ಚುವುದು ಸಹಜ, ಕೆಲವು ತಿಂಗಳಲ್ಲಿ ಅದು ತಾನಾಗಿ ಹೋಗುತ್ತದೆ. ಅಂಥ ಮಕ್ಕಳ ತಾಯಂದಿರು ಇದನ್ನು ಓದಿ ನಿದ್ದೆಗೆಡಬೇಕಾಗಿಲ್ಲ. ನಾನು ಹೇಳುತ್ತಿರುವುದು ಹುಟ್ಟಿದಾಗಿನಿಂದಲೇ ಎಚ್ಚರವಿರುವಾಗ ಮೈ ಬಿಗಿಯಾಗಿರುವ, ಮುಟ್ಟಿದರೆ ಆ ಬಿಗಿತ ಇನ್ನೂ ಹೆಚ್ಚುವ, ನಿದ್ದೆ ಬಂದೊಡನೆ ಸಡಿಲವಾಗುವ ಮಗುವಿನ ಬಗ್ಗೆ. ಬಿಗಿತ ಮೊದಲ ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ. ಬೆಚ್ಚುವುದು ಉಳಿಯುತ್ತದೆ. ನಡೆಯಲು ಕಲಿತ ಮೇಲೆ ಹಿಂದಿನಿಂದ ಯಾರಾದರೂ ಕೂಗಿದರೆ ಕೈ ಊರಲೂ ಆಗದೆ, ಪೂರ್ಣ ಎಚ್ಚರದಲ್ಲಿರುವಂತೆಯೇ ಮುಖ ಅಡಿಯಾಗಿ ಬೀಳುತ್ತಾರೆ. ಹಣೆಯ ಮೇಲಿನ ಹಳೆಯ ಗಾಯದ ಗುರುತುಗಳೇ ಎಷ್ಟೋ ಬಾರಿ ನನಗೆ ಅರ್ಧ ಕತೆ ಹೇಳಿಬಿಡುತ್ತವೆ.

ಬೆಚ್ಚುವುದೆಂದರೆ ಹೆದರುವುದು ಎಂದು ನಾವು ತಿಳಿದಿದ್ದೇವೆ. ಆದರೆ ಬೆಚ್ಚುವ ಹಾದಿ ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ನೇರವಾಗಿ ಇಳಿಯುವಂಥದ್ದು, ಅದು ಹೆದರಿಕೆಗಾಗಿ ಕಾಯುವುದಿಲ್ಲ. ಯಾವ ಶಬ್ದವೆಂದು ಗುರುತಿಸುವ ಮೊದಲೇ, ಸೆಕೆಂಡಿನ ಹತ್ತನೇ ಒಂದು ಪಾಲೂ ಕಳೆಯುವುದರೊಳಗೆ, ಕಣ್ಣು ಮುಚ್ಚಿ ಕುತ್ತಿಗೆಯ ಸ್ನಾಯು ಎಳೆದಾಗಿರುತ್ತದೆ. ಈ ಹಾದಿಯನ್ನು ಹದ್ದಿನಲ್ಲಿಡುವುದು ಗ್ಲೈಸಿನ್ ಎಂಬ, ಅಮೈನೋ ಆಮ್ಲಗಳಲ್ಲೆಲ್ಲ ಅತ್ಯಂತ ಚಿಕ್ಕದಾದ ಅಣು. ಅದು ನರಕೋಶದ ಮೇಲಿನ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿದಾಗ ಗ್ರಾಹಕದ ನಡುವಿನ ರಂಧ್ರ ತೆರೆದು ಕ್ಲೋರೈಡ್ ಒಳಹೊಕ್ಕು, ಕೋಶ ಕೆರಳದಂತೆ ತಡೆಯುತ್ತದೆ. ನಮ್ಮ ಹಿತ್ತಿಲ ಕಾಸರಕ ಮರದ, ಮಲಯಾಳದಲ್ಲಿ ಕಾಂಞಿರ ಎನ್ನುವ ಅದೇ ಮರದ, ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷ ಮುಚ್ಚಿಹಾಕುವುದು ಇದೇ ಗ್ರಾಹಕವನ್ನು. ಧನುರ್ವಾಯುವಿನ ವಿಷವಾದರೋ ಗ್ಲೈಸಿನ್ ಬಿಡುಗಡೆಯಾಗುವುದನ್ನೇ ತಡೆಯುತ್ತದೆ. ಈ ಕಾಯಿಲೆ, ಕಾಸರಕದ ವಿಷ, ಧನುರ್ವಾಯು, ಮೂರರಲ್ಲೂ ಮೈ ಸೆಟೆಯುವ ಬಗೆ ಒಂದನ್ನೊಂದು ಹೋಲುವುದು ಅದಕ್ಕೇ. 1982ರಲ್ಲಿ ಜರ್ಮನಿಯ ಹೈನ್ರಿಶ್ ಬೆಟ್ಸ್ ಮತ್ತು ಸಂಗಡಿಗರು ಇಲಿಯ ಬೆನ್ನುಹುರಿಯಿಂದ ಈ ಗ್ರಾಹಕವನ್ನು ಬೇರ್ಪಡಿಸಿದಾಗ ಅದನ್ನು ಹಿಡಿಯಲು ಬಳಸಿದ ಕೊಕ್ಕೆಯೂ ಸ್ಟ್ರಿಕ್ನಿನ್‌ನಿಂದ ತಯಾರಿಸಿದ ಅಣುವೇ. 1993ರಲ್ಲಿ ಅಮೆರಿಕದ ಸಂಶೋಧಕರು ಈ ಕಾಯಿಲೆಯಿದ್ದ ಕುಟುಂಬಗಳಲ್ಲಿ 5ನೇ ಕ್ರೋಮೋಸೋಮಿನ ಜಿಎಲ್‌ಆರ್‌ಎ1 ಜೀನಿನ ದೋಷವನ್ನು ತೋರಿಸಿದರು: ಗ್ರಾಹಕದ 271ನೇ ಸ್ಥಾನದಲ್ಲಿದ್ದ ಆರ್ಜಿನಿನ್ ಎಂಬ ಅಮೈನೋ ಆಮ್ಲ ಬದಲಾಗಿತ್ತು, ಅಷ್ಟೇ. ಗ್ರಾಹಕದ ಇನ್ನೊಂದು ಘಟಕದ ಜೀನಿನಲ್ಲಿ ಮತ್ತು ಗ್ಲೈಸಿನ್ನನ್ನು ನರತುದಿಗೆ ಮರಳಿ ಎಳೆದುಕೊಳ್ಳುವ ಸಾಗಣೆದಾರ ಪ್ರೋಟೀನಿನ ಜೀನಿನಲ್ಲಿಯೂ ದೋಷಗಳಿರಬಹುದೆಂದು ಆಮೇಲೆ ತಿಳಿಯಿತು. ಗ್ಲೈಸಿನ್ ಪುಡಿ ತಿನ್ನಿಸಬಹುದೇ ಎಂದು ಅಂತರ್ಜಾಲ ನೋಡಿ ಬರುವ ಅಪ್ಪಂದಿರು ಕೇಳುತ್ತಾರೆ. ಗ್ರಾಹಕವೇ ಸರಿಯಿಲ್ಲದಾಗ ಪುಡಿಯಿಂದ ಪ್ರಯೋಜನವಿಲ್ಲ.

ಈಗ ರೂಢಿಯ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಒಂದೇ ಶಬ್ದ ಮತ್ತೆ ಮತ್ತೆ ಕೇಳಿದಾಗ ನೀವು ನಾನು ಬೆಚ್ಚುವುದು ಕಡಿಮೆಯಾಗುತ್ತದೆ. ಇದು ಧೈರ್ಯದ ಫಲವಲ್ಲ, ಆ ನರಹಾದಿಯೇ ತನ್ನ ಪ್ರತಿಕ್ರಿಯೆಯನ್ನು ಇಳಿಸಿಕೊಳ್ಳುವ ಬಗೆ. ಈ ಮಕ್ಕಳಲ್ಲಿ ಆ ಇಳಿತ ಕಾಣುವುದಿಲ್ಲ, ಕಂಡರೂ ತೀರಾ ಅಲ್ಪ. ಬ್ರೇಕ್ ಇಲ್ಲದ ಜೀಪನ್ನು ದಿನವೂ ಇಳಿಜಾರಿನಲ್ಲಿ ಬಿಟ್ಟರೆ ಬ್ರೇಕ್ ಹುಟ್ಟಿಕೊಳ್ಳುವುದಿಲ್ಲ.

ಬದಿಯಡ್ಕದ ಕಡೆಯ ಒಬ್ಬ ಅಜ್ಜ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ತಾಳಮದ್ದಳೆಯ ಮರುಳು. ಮೊಮ್ಮಗನನ್ನು ಚೆಂಡೆಯ ಪಕ್ಕದಲ್ಲಿ ಕೂರಿಸಿ ‘ಗಟ್ಟಿ ಮಾಡುತ್ತೇನೆ’ ಎಂದು ಹೊರಟವರು, ನನ್ನೊಡನೆ ವಾದಕ್ಕೂ ಸಿದ್ಧರಾಗಿಯೇ ಬಂದಿದ್ದರು, ಅರ್ಥಧಾರಿಗಳ ಹಾಗೆ ಪೀಠಿಕೆ ಹಾಕಿ. ವಾದ ಬಿಟ್ಟು ಮಗುವಿನ ಮೂಗಿನ ತುದಿಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ ತೋರಿಸಿದೆ. ತಲೆ ಹಿಂದಕ್ಕೆ ಜಗ್ಗಿತು. ಮತ್ತೆ ತಟ್ಟಿದೆ, ಅಷ್ಟೇ ಜೋರಾಗಿ ಜಗ್ಗಿತು. ಸ್ವಲ್ಪ ಬಿಡುವು ಕೊಟ್ಟು ತಟ್ಟಿದರೂ ಅದೇ. ‘ನನಗೂ ತಟ್ಟಿ ನೋಡಿ ಡಾಕ್ಟ್ರೇ’ ಎಂದು ಅಜ್ಜ ಕನ್ನಡಕ ತೆಗೆದು ಮುಖ ಮುಂದೆ ಚಾಚಿದರು. ಮೊದಲು ಕಣ್ಣು ಮಿಟುಕಿಸಿದರು, ಆಮೇಲೆ ಎಷ್ಟು ತಟ್ಟಿದರೂ ಸುಮ್ಮನೆ ನನ್ನನ್ನೇ ನೋಡುತ್ತ ಕುಳಿತರು. ಅನಂತರ ಮಗುವಿನ ಕಡೆಗೆ ತಿರುಗಿ, ‘ಇವನ ತಪ್ಪಲ್ಲ ಅಲ್ವಾ’ ಎಂದರು. ಅರ್ಧ ಗಂಟೆಯ ಮಾತಿನಲ್ಲಿ ನನಗೆ ಸಾಧ್ಯವಾಗದ್ದು ಮೂಗಿನ ತುದಿಯಲ್ಲಿ ಮುಗಿಯಿತು.

ಫಿಟ್ಸ್ ಎಂಬ ಹಣೆಪಟ್ಟಿ ಈ ಮಕ್ಕಳಿಗೆ ಬಹಳ ಬೇಗ ಅಂಟುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಅಪಸ್ಮಾರದ ಲಕ್ಷಣ ಸಾಮಾನ್ಯವಾಗಿ ಇರುವುದಿಲ್ಲ, ಪ್ರಜ್ಞೆಯೂ ತಪ್ಪುವುದಿಲ್ಲ. ಆದರೂ ಕೆಲವರಿಗೆ ಎರಡೂ ಇರಬಹುದಾದ್ದರಿಂದ ಮಗುವನ್ನು ನೋಡದೆ ಖಚಿತವಾಗಿ ಏನನ್ನೂ ಹೇಳಲಾರೆ. ಹೆಚ್ಚಿನವರಿಗೆ ಕ್ಲೊನಾಜೆಪಾಮ್ ಎಂಬ ಔಷಧ ಚೆನ್ನಾಗಿ ಹಿಡಿಯುತ್ತದೆ. ಅದು ಕೆಟ್ಟ ಗ್ಲೈಸಿನ್ ಗ್ರಾಹಕವನ್ನು ದುರಸ್ತಿ ಮಾಡುವುದಿಲ್ಲ, ನೆರೆಯ ಗಾಬಾ ಎಂಬ ಮತ್ತೊಂದು ತಡೆಯನ್ನು ಬಲಪಡಿಸುತ್ತದೆ. ‘ಅದು ನಿದ್ದೆ ಮಾತ್ರೆ’ ಎಂದು ನೆಂಟರು ಹೇಳಿದರೆಂದು ಥಟ್ಟನೆ ನಿಲ್ಲಿಸಬೇಡಿ, ಅಪಾಯವಿದೆ. ಎಳೆಗೂಸು ಸೆಟೆದು ಉಸಿರು ಕಟ್ಟಿ ನೀಲಿಗಟ್ಟಿದರೆ ತಲೆಯನ್ನೂ ಕಾಲುಗಳನ್ನೂ ಹೊಟ್ಟೆಯ ಕಡೆಗೆ ಒತ್ತಿ ಮಡಚಿ ಹಿಡಿಯಬೇಕು. ಇಟಲಿಯ ವೈದ್ಯ ವಿಜೆವಾನೊ 1989ರಲ್ಲಿ ವರದಿ ಮಾಡಿದ ಈ ಉಪಾಯ ಜೀವ ಉಳಿಸುವಂಥದ್ದು. ಆದರೆ ಅದನ್ನು ಓದಿ ಅಲ್ಲ, ನಿಮ್ಮ ವೈದ್ಯರ ಎದುರು ಕೈಯಾರೆ ಮಾಡಿ ಕಲಿಯಬೇಕು. ಬಿಗಿತ ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಗಡಿ ದಾಟಿ ಮಂಗಳೂರಿಗೆ ಹೋಗುವುದೇ ವಾಡಿಕೆಯಾಗಿರುವ ನಮ್ಮ ಕಡೆ, ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತಿರಲಿ.

ಇನ್ನೊಂದು ಮಾತನ್ನು ಎಚ್ಚರದಿಂದ ಹೇಳಬೇಕಾಗಿದೆ. ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ಇದು. ಎಣ್ಮಕಜೆಯಂಥ ಗ್ರಾಮಗಳ ನೋವನ್ನು ಕಡೆಗಣಿಸುವ ಮಾತು ನನ್ನ ಬಾಯಿಂದ ಬಾರದು, ಆ ವಿಷವೂ ಗಾಬಾ ಗ್ರಾಹಕದ ಕ್ಲೋರೈಡ್ ರಂಧ್ರವನ್ನೇ ಮುಚ್ಚುವಂಥದ್ದು. ಆದರೆ ಮೈ ಬಿಗಿಯಾದ ಪ್ರತಿ ಮಗುವಿಗೂ ಆ ಒಂದೇ ಹೆಸರು ಕೊಟ್ಟು ವಿಚಾರಣೆ ಮುಗಿಸಿದರೆ, ಮಾತ್ರೆಯಿಂದ ನೆಮ್ಮದಿ ಕಾಣಬಹುದಾದ ಮಗುವೂ ಸಂತ್ರಸ್ತರ ಪಟ್ಟಿಯೊಂದರಲ್ಲಿ ಕ್ರಮಸಂಖ್ಯೆಯಾಗಿ ಉಳಿದುಬಿಡಬಹುದು. ಪರಿಹಾರದ ಅರ್ಜಿ ಅದರ ಪಾಡಿಗೆ ಇರಲಿ, ಮೂಗಿನ ತುದಿ ತಟ್ಟಿ ನೋಡಲು ಖರ್ಚಿಲ್ಲ.

ಅನುವಂಶದ ಬಗ್ಗೆ ಸ್ವಲ್ಪ. ಕೆಲವು ಕುಟುಂಬಗಳಲ್ಲಿ ಕಾಯಿಲೆ ಇರುವ ತಂದೆಯಿಂದಲೋ ತಾಯಿಯಿಂದಲೋ ಬರುತ್ತದೆ, ಆಗ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಸೋದರಮಾವನ ಮನೆಯಲ್ಲೇ ಹೆಣ್ಣು ತರುವ ನಮ್ಮಲ್ಲಿ, ಯಾವ ತೊಂದರೆಯೂ ಇಲ್ಲದ ತಂದೆತಾಯಿ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಅಡಗಿದ್ದು ಮಗುವಿಗೆ ಬರುವುದೂ ಉಂಟು, ಆಗ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಒಂದಕ್ಕೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ’ ಎಂದು ಲೆಕ್ಕ ಹಾಕುವವರಿದ್ದಾರೆ. ಹಾಗಲ್ಲ. ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮುಂದಿನ ಮಗುವಿನ ಯೋಚನೆಯಿದ್ದರೆ ಮೊದಲೇ ಜೀನ್ ಪರೀಕ್ಷೆ ಮತ್ತು ಆಪ್ತಸಲಹೆ ಪಡೆಯುವುದು ಒಳ್ಳೆಯದು.

ಶಾಲೆಗೆ ನಾನು ಪತ್ರ ಬರೆದುಕೊಡುತ್ತೇನೆ: ಗಂಟೆಯ ಕೆಳಗಿನ ಬೆಂಚಿನಲ್ಲಿ ಕೂರಿಸಬಾರದು, ಹಿಂದಿನಿಂದ ಬೆನ್ನು ತಟ್ಟಬಾರದು, ಬಿದ್ದರೆ ನಗುವ ಮಕ್ಕಳಿಗೆ ಮೇಷ್ಟ್ರು ಒಂದು ಮಾತು ಹೇಳಬೇಕು. ನನ್ನ ಬಳಿ ಬರುವವರು ಮಗು ಬೆಚ್ಚುವ ವಿಡಿಯೊ ತಂದರೆ ನನ್ನ ಕೆಲಸ ಬಹಳ ಸುಲಭವಾಗುತ್ತದೆ. ಆದರೆ ತಾನಾಗಿ ಆದಾಗ ಮೊಬೈಲ್ ಕೈಗೆ ಸಿಕ್ಕಿದರೆ ಮಾತ್ರ ತೆಗೆಯಿರಿ. ಚೆನ್ನಾಗಿ ಬರಲಿಲ್ಲವೆಂದು ಬಾಗಿಲು ಬಡಿದು ಇನ್ನೊಂದು ಸಲ ತೆಗೆಯಬೇಡಿ. ಅಂಥ ವಿಡಿಯೊಗಳನ್ನೂ ನಾನು ನೋಡಿದ್ದೇನೆ, ಬಾಗಿಲು ಬಡಿದ ಕೈ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.